ಗೂಟದ ಮೇಲಿನ ಬಂದೂಕು ಖಾಲಿ ಇತ್ತಾ?

2023ರ ಅಕ್ಟೋಬರ್ 23. ಖಂಡೇನವಮಿ. ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯಲ್ಲಿರುವ ನಮ್ಮೂರ ಮನೆ. ಪಡಸಾಲೆಯಲ್ಲಿ ಕಂಬಳಿ ಹಾಸಿ ಕುಡಗೋಲು, ಕೊಡಲಿ, ಟ್ರ್ಯಾಕ್ಟರಿನ ಪಾನಾ, ಅವ್ವನ ಈಳಿಗೆ, ನನ್ನ ಲ್ಯಾಪ್‌ಟಾಪ್ ಎಲ್ಲ ಸಾಲಾಗಿ ಇಟ್ಟಿದ್ದೆವು. ನಡುವೆ ಮುತ್ಯಾನ ಜೋಡಿ ನಳಿಗೆಯ 12 ಬೋರ್ ಬಂದೂಕು. ಆಯಿ ಹೂ ತರಲು ಒಳಗೆ ಹೋಗಿದ್ದಳು.

ಅಕ್ಕನ ಮಗನಿಗೆ ಎಂಟು ವರ್ಷ. ಬಂದೂಕು ಎತ್ತಿಕೊಂಡು, "ಮಾಮಾ, ನಂದೊಂದು ರೀಲ್ಸ್ ಮಾಡು" ಅಂದ. ನಾನು ಮೊಬೈಲ್ ಹಿಡಿದೆ. ಹೌದು, ನಾನೇ ಹಿಡಿದೆ. ಅವನು ನಳಿಗೆಯನ್ನು ಎದುರಿಗೆ ಕೂತಿದ್ದ ನನ್ನ ನಾಲ್ಕು ವರ್ಷದ ಮಗಳ ಕಡೆ ತಿರುಗಿಸಿದಾಗ ಎದೆ ಝಲ್ ಅಂತು. ಓಡಿಹೋಗಿ ಕಸಿದುಕೊಂಡೆ.

"ಖಾಲಿ ಅದ ಬಿಡೋ, ಹುಡುಗರಿಗಿ ಯಾಕ ಅಂಜಸ್ತಿ?" ಅಂತ ಕಾಕಾ ನಕ್ಕ. ಅಪ್ಪನೂ ನಕ್ಕ. ಖಾಲಿ ಇದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಲಿವರ್ ಒತ್ತಿ ಬಂದೂಕನ್ನು ಮಧ್ಯಕ್ಕೆ ಮಡಚಿ ತೆರೆದೆ. ಬಲ ನಳಿಗೆ ಖಾಲಿ. ಎಡ ನಳಿಗೆಯಲ್ಲಿ ಕಾಡತೂಸಿನ ಹಿತ್ತಾಳೆ ತಳ ಮಿನುಗುತ್ತಿತ್ತು.

ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಆಯಿ ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

ಅದು ಯಾವಾಗ ತುಂಬಿದ್ದು?

ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಮೇ 10ಕ್ಕೆ ವಿಧಾನಸಭಾ ಚುನಾವಣೆ ಇತ್ತು. ಚುನಾವಣೆ ಬಂದಾಗಲೆಲ್ಲ ನಮ್ಮ ಕಡೆ ಲೈಸೆನ್ಸ್ ಬಂದೂಕುಗಳನ್ನು ಠಾಣೆಯಲ್ಲಿ ಇಡಬೇಕು, ಮುಗಿದ ಮೇಲೆ ರಸೀದಿ ತೋರಿಸಿ ವಾಪಸ್ ತರಬೇಕು. ಮುತ್ಯಾ ತಂದಾಗ ಅದು ಖಾಲಿಯೇ ಇತ್ತು. ಅಂದರೆ ತುಂಬಿದ್ದು ಮಳೆಗಾಲದಲ್ಲಿ.

ಮುತ್ಯಾ ತಲೆ ಕೆಳಗೆ ಹಾಕಿಕೊಂಡು ಹೇಳಿದ: "ಶ್ರಾವಣದಾಗ ಕಳ್ಳರ ಗುಂಪು ಬಂದದಂತ ಮೊಬೈಲ್‌ನ್ಯಾಗ ಬಂದಿತ್ತು. ರಾತ್ರಿ ತುಂಬಿ ಇಟ್ಟಿದ್ದೆ. ಮುಂಜಾನಿ ತೆಗೀಬೇಕಂದಿದ್ದೆ, ಮರ್ತೆ."

ಕಳ್ಳರು ಬರಲಿಲ್ಲ. ವಾಟ್ಸ್‌ಆ್ಯಪ್ ಮೆಸೇಜ್ ಮಾತ್ರ ಬಂದಿತ್ತು. ಆಮೇಲೆ ಎರಡು ತಿಂಗಳು ಆ ಬಂದೂಕು ಗೂಟಕ್ಕೆ ತೂಗುತ್ತಿತ್ತು. ಅದರ ಕೆಳಗೇ ಮಕ್ಕಳು ಚೌಕಾಬಾರಾ ಆಡುತ್ತಿದ್ದವು.

ಇಂಥ ಮೆಸೇಜಿನ ಬೆಲೆ ನಮ್ಮ ಪಕ್ಕದ ಬೀದರ್ ಜಿಲ್ಲೆಗೆ ಗೊತ್ತು. 2018ರ ಜುಲೈನಲ್ಲಿ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರನ್ನು ಮಕ್ಕಳ ಕಳ್ಳರು ಅಂತ ತಿಳಿದು ಗುಂಪು ಹೊಡೆಯಿತು. ಅದರಲ್ಲಿ ಹೈದರಾಬಾದಿನ ಒಬ್ಬ ಸತ್ತ. ಅವನೂ ನನ್ನ ಹಾಗೇ ಸಾಫ್ಟ್‌ವೇರ್ ಇಂಜಿನಿಯರ್. ಹೊಡೆದವರಲ್ಲಿ ಎಷ್ಟೋ ಜನ ತಮ್ಮ ಮಕ್ಕಳನ್ನು ಕಾಪಾಡ್ತಿದ್ದೀವಿ ಅಂತಲೇ ನಂಬಿದ್ದಿರಬೇಕು.

ಮುತ್ಯಾನ ಅಂಜಿಕೆ ಸುಳ್ಳಲ್ಲ

ಮುತ್ಯಾನನ್ನು ಬೈಯುವುದು ಸುಲಭ. ಆದರೆ ಅವನ ಅಂಜಿಕೆಗೆ ಒಂದು ಇತಿಹಾಸ ಇದೆ. ರಜಾಕಾರರ ಹಾವಳಿ ಕಾಲಕ್ಕೆ ಅವನಿಗೆ ಆರು ವರ್ಷ. ಅವ್ವ, ಅಪ್ಪ, ಎರಡು ಎತ್ತು, ಒಂದು ಬಂಡಿ. ರಾತ್ರೋರಾತ್ರಿ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದರು. ಆಳಂದ, ಅಫಜಲಪುರ ಸೀಮೆಯ ಎಷ್ಟೋ ಮನೆತನಗಳಲ್ಲಿ ಈ ಕತೆ ಇದೆ. ಊರಲ್ಲಿ ಉಳಿದ ಹೆಣ್ಣುಮಕ್ಕಳು ಬಂದೂಕಿದ್ದ ಒಂದೇ ವಾಡೆಯಲ್ಲಿ ಮಲಗುತ್ತಿದ್ದರಂತೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಸೋತ ಮೇಲೆ ವಾಪಸ್ ಬಂದರು. "ದೊಡ್ಡವನಾದ ಮ್ಯಾಲ ನಮ್ಮ ಮನ್ಯಾಗೂ ಒಂದು ಬಂದೂಕ ಇರಬೇಕಂತ ಅವತ್ತೇ ಅಂದ್ಕೊಂಡಿದ್ದೆ" ಅನ್ನುತ್ತಾನೆ.

ಆದರೆ ಕತೆಯ ಇನ್ನರ್ಧವನ್ನೂ ಅವನೇ ಹೇಳುತ್ತಾನೆ: "ಮೊದಲು ನಾವು ಓಡಿದ್ವಿ. ಆಮ್ಯಾಲ ಅವರು ಓಡಿದ್ರು." ಪೊಲೀಸ್ ಕಾರ್ಯಾಚರಣೆಯ ನಂತರ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನು ನೋಡಲು ಬಂದ ಪಂಡಿತ್ ಸುಂದರಲಾಲ್ ಸಮಿತಿ, ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾವನ್ನೂ ಹೆಸರಿಸಿತ್ತು. ಅಂಜಿಕೆ ಎರಡೂ ಕಡೆ ಇತ್ತು, ಆಯುಧ ಯಾರ ಕೈಯಲ್ಲಿದೆ ಅನ್ನೋದು ಮಾತ್ರ ಬದಲಾಗುತ್ತಿತ್ತು.

ಬೆಂಗಳೂರಿನ ಆಫೀಸಿನಲ್ಲಿ ನನ್ನ ಊರಿನ ಹೆಸರು ಕೇಳಿದರೆ, "ಓ, ಭೀಮಾ ತೀರ! ನಿಮ್ಮ ಕಡೆ ಮನೆಮನೆಯಲ್ಲೂ ಪಿಸ್ತೂಲಂತೆ?" ಅಂತಾರೆ. 2012ರಲ್ಲಿ 'ಭೀಮಾ ತೀರದಲ್ಲಿ' ಸಿನಿಮಾ ಬಂದ ಮೇಲಂತೂ ಮುಗಿದೇಹೋಯಿತು. ಮನೆಮನೆಯಲ್ಲಿ ಏನೂ ಇಲ್ಲ. ಆದರೆ ಊರ ಹುಡುಗರ ಸ್ಟೇಟಸ್‌ಗಳಲ್ಲಿ ಆ ಹೆಸರಿನ ಜಂಬ ಇದೆ. ನಾಡ ಪಿಸ್ತೂಲು ಹಿಡಿದು ಫೋಟೊ ಹಾಕೋದು ಧೈರ್ಯ ಅಂತ ತಿಳಿದವರಿಗೆ ಒಂದು ಮಾತು: 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡರೆ ಶಿಕ್ಷೆ ಎರಡು ವರ್ಷದಿಂದ ಶುರು, ಐದು ವರ್ಷದವರೆಗೆ. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ, ಲೈಸೆನ್ಸ್ ಇದ್ದರೂ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಆಳಂದದ ಅತ್ತಿ ಮಾಡಿದ್ದು

ಅಪ್ಪನ ಅಕ್ಕನನ್ನು ಆಳಂದಕ್ಕೆ ಕೊಟ್ಟಿದ್ದರು. ಅವರ ಮನೆಯಲ್ಲೂ ಮಾವನ ಕಾಲದ ಬಂದೂಕಿತ್ತು. ಮಾವ ತೀರಿದ ಹತ್ತನೇ ದಿನಕ್ಕೇ ಅತ್ತಿ ಅದನ್ನು ಠಾಣೆಗೆ ಕೊಡಿಸಿದಳು. ಲೈಸೆನ್ಸುದಾರ ಸತ್ತರೆ ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿ ಹತ್ತಿರವೋ ಒಪ್ಪಿಸಬೇಕು ಅಂತ ಕಾನೂನೇ ಹೇಳುತ್ತದೆ. ಆದರೆ ಮಕ್ಕಳ ಹೆಸರಿಗೆ ಮಾಡಿಸಿ ವಾಪಸ್ ತರೋಣ ಅಂತ ಮನೆಯ ಗಂಡಸರು ಹೊರಟಾಗ ಅತ್ತಿ ಅಡ್ಡ ನಿಂತಳು. "ಮನೆತನದ ಮರ್ಯಾದಿ" ಅಂತ ಅವಳ ಮೇಲೆ ಎಲ್ಲರೂ ಸಿಟ್ಟಾಗಿದ್ದರು. ನಾನಾಗ ಕಾಲೇಜಿನಲ್ಲಿದ್ದೆ, ನನಗೂ ಅದು ಅತಿ ಅನಿಸಿತ್ತು.

ಆ ದಸರಾ ರಾತ್ರಿ ಅತ್ತಿಗೆ ಫೋನ್ ಮಾಡಿದೆ. ಆಕೆ ಹೇಳಿದ್ದು ಇಷ್ಟೇ: "ನಿಮ್ಮ ಮಾಮಾ ಆಗ ಭಾಳ ಕುಡೀತಿದ್ದ. ಕುಡಿತ, ಸಿಟ್ಟು, ಬಂದೂಕ, ಈ ಮೂರೂ ಒಂದೇ ಮನ್ಯಾಗ ಇರಬಾರದಪ್ಪ. ಮೊದಲಿನ ಎರಡು ನನ್ನ ಕೈಲಿ ಬಿಡ್ಸಲಿಕ್ಕಾಗಲಿಲ್ಲ. ಮೂರನೇದು ಬಿಡ್ಸಿದೆ."

ಮನೆಯ ರಕ್ಷಣೆ ಅಂದರೆ ನಾವು ಬಾಗಿಲಾಚೆ ನಿಂತವನನ್ನೇ ನೆನೆಯುತ್ತೇವೆ. ಬಾಗಿಲೊಳಗಿನ ಜಗಳ, ಕುಡಿತ, ಸಾಲದ ಚಿಂತೆಯಲ್ಲಿ ನಿದ್ದೆ ಬಾರದ ಮನುಷ್ಯ, ಕುತೂಹಲದ ಮಗು, ಇವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅತ್ತಿ ಹಿಡಿದಿದ್ದಳು.

ಜೇವರ್ಗಿಯ ಮಾವನ ಅರ್ಜಿ

ಹೆಂಡತಿಯ ತವರು ಜೇವರ್ಗಿ. ಮನೆ ಊರ ಅಂಚಿನಲ್ಲಿದೆ. ಮಾವ ನಿವೃತ್ತ ಮಾಸ್ತರು. ಆ ಏರಿಯಾದಲ್ಲಿ ಎರಡು ಮನೆ ಕಳ್ಳತನ ಆದ ಮೇಲೆ, "ನಾನೂ ಲೈಸೆನ್ಸಿಗಿ ಅರ್ಜಿ ಹಾಕ್ತೀನ್ರಿ" ಅಂದ್ರು. ಫಾರ್ಮ್ ತುಂಬುವ ಕೆಲಸ ನನಗೆ ಬಂತು.

2016ರ ಶಸ್ತ್ರಾಸ್ತ್ರ ನಿಯಮಗಳನ್ನು ಓದುತ್ತಾ ಹೋದೆ. ಸುರಕ್ಷತಾ ತರಬೇತಿ ಆಗಿರಬೇಕು, ವೈದ್ಯಕೀಯ ಪ್ರಮಾಣಪತ್ರ ಬೇಕು, ಬಂದೂಕನ್ನು ಸುರಕ್ಷಿತವಾಗಿ ಇಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಡಬೇಕು. ಆಮೇಲೆ ಆತ್ಮರಕ್ಷಣೆಯ ಕಾನೂನು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಮುಗಳು ಇದಕ್ಕೇ ಮೀಸಲು. ಹಕ್ಕು ಖಂಡಿತ ಇದೆ. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಆ ಹಕ್ಕೇ ಇಲ್ಲ. ರಾತ್ರಿ ಮನೆ ಒಡೆದು ಒಳಗೆ ನುಗ್ಗಿದವನ ವಿಷಯ ಬೇರೆ. ಹೊಲದ ಪಂಪ್‌ಸೆಟ್ ಕದ್ದು ಓಡುವವನ ಬೆನ್ನಿಗೆ ಗುಂಡು ಹಾರಿಸುವುದು ಬೇರೆ. ಎರಡನೆಯದು ಆತ್ಮರಕ್ಷಣೆ ಅಲ್ಲ.

ಇದನ್ನೆಲ್ಲ ನಾನು ವಿವರಿಸುತ್ತಿದ್ದಾಗ ಹೆಂಡತಿ ಒಂದೇ ಮಾತು ಕೇಳಿದಳು: "ಅಪ್ಪಾ, ನಿಮಗ ರಾತ್ರಿ ಕಣ್ಣು ಸರಿ ಕಾಣಂಗಿಲ್ಲ. ತಮ್ಮ ಕಲಬುರಗಿಂದ ಕಡೀ ಬಸ್ಸಿಗಿ ಬರ್ತಾನ. ಕತ್ತಲದಾಗ ಬಾಗಿಲ ಸಪ್ಪಳ ಮಾಡಿದವ ಕಳ್ಳನೋ ಅವನೋ, ಹ್ಯಾಂಗ ಗೊತ್ತು ಮಾಡ್ತೀರಿ?"

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಅರ್ಜಿ ಹಾಗೇ ಉಳಿಯಿತು. ಆ ದುಡ್ಡಿನಲ್ಲಿ ಹಿತ್ತಲಿಗೆ ಕಬ್ಬಿಣದ ಬಾಗಿಲು, ಮನುಷ್ಯ ಹಾದರೆ ತಾನೇ ಹತ್ತುವ ಲೈಟು, ಒಂದು ಕ್ಯಾಮೆರಾ ಬಂತು. ಓಣಿಯ ಆರು ಮನೆಯವರು ಒಬ್ಬರಿಗೊಬ್ಬರು ನಂಬರ್ ಕೊಟ್ಟುಕೊಂಡರು. ಅತ್ತೆಯ ಫೋನಿನಲ್ಲಿ 112 ಮೊದಲ ನಂಬರ್. ಮೈದುನ ಮನೆಗೆ ಬರುವ ಮುಂಚೆ ಫೋನ್ ಮಾಡಿಯೇ ಬರುತ್ತಾನೆ.

ಕೊಡಗಿನ ಗೆಳೆಯ ಕಲಿಸಿದ್ದು

ನನಗೆ ಆ ದಿನ ಬಂದೂಕು ತೆರೆದು ನೋಡಬೇಕು ಅಂತ ಹೊಳೆದದ್ದು ಹೇಗೆ? ಅದಕ್ಕೆ ಏಳೇ ವಾರದ ಹಿಂದೆ ಆಫೀಸಿನ ಗೆಳೆಯನ ಜೊತೆ ಕೈಲ್‌ಪೊಳ್ದಿಗೆ ಕೊಡಗಿಗೆ ಹೋಗಿದ್ದೆ. ಅಲ್ಲಿ ಕೋವಿಗೆ ಹೂ ಇಟ್ಟು ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ.

ಗೆಳೆಯ ಕೋವಿಯನ್ನು ನನ್ನ ಕೈಗೆ ಕೊಡುವ ಮುಂಚೆ ತೆರೆದು ತೋರಿಸಿದ. ನಾನು ಹಿಂದಕ್ಕೆ ಕೊಟ್ಟಾಗ ಮತ್ತೆ ತೆರೆದು ನೋಡಿದ. "ನಂಬಿಕೆ ಇಲ್ವಾ ಮಾರಾಯ?" ಅಂದೆ. "ನಿನ್ನ ಮೇಲೆ ಇದೆ. ಕೋವಿ ಮೇಲೆ ಇಲ್ಲ" ಅಂದ.

ಇದೇ ನಮ್ಮ ಮನೆಯಲ್ಲಿ ಇರಲಿಲ್ಲ. ನಾವು ಬಂದೂಕನ್ನು ಗೌರವಿಸುತ್ತಿದ್ದೆವು, ಆದರೆ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. "ತುಂಬಿದೆಯಾ?" ಅಂತ ಕೇಳಿದರೆ ಮುತ್ಯಾನಿಗೆ ಅವಮಾನ ಅಂತ ಎಲ್ಲರೂ ಸುಮ್ಮನಿದ್ದೆವು.

ಈಗ ನಮ್ಮ ಮನೆಯಲ್ಲಿ

ಮರುದಿನ ಬನ್ನಿ ಕೊಡುವ ಮುಂಚೆ ಆಯಿ ಪಂಚಾಯ್ತಿ ಕರೆದಳು. ಐವತ್ತು ವರ್ಷದ ಸಂಸಾರದಲ್ಲಿ ಅವಳು ಬಂದೂಕಿನ ಬಗ್ಗೆ ಬಾಯಿ ಬಿಟ್ಟದ್ದು ಅದೇ ಮೊದಲು. "ಎರಡು ಸಲ ಕಳ್ಳರು ಬಂದಾರ. ಒಂದು ಸಲ ನೀ ಊರಾಗೇ ಇರಲಿಲ್ಲ, ಇನ್ನೊಂದು ಸಲ ಗಾಢ ನಿದ್ದಿಯೊಳಗಿದ್ದಿ. ಎರಡೂ ಸಲ ಓಡ್ಸಿದ್ದು ನಾಯಿ, ಮತ್ತ ನನ್ನ ಗಂಟಲು" ಅಂದಳು. ಮುತ್ಯಾನೂ ನಕ್ಕುಬಿಟ್ಟ.

ಆವತ್ತು ಆದ ತೀರ್ಮಾನಗಳು ಇವು:

• ಬಂದೂಕು ಗೂಟದಿಂದ ಇಳಿದು ಬೀಗ ಇರುವ ಕಬ್ಬಿಣದ ಅಲಮಾರಿಗೆ ಹೋಯಿತು, ಖಾಲಿಯಾಗಿ.

• ಕಾಡತೂಸು ಬೇರೆ ಖೋಲಿಯ ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ. ಎಷ್ಟಿವೆ ಅಂತ ಬರೆದಿಟ್ಟ ಲೆಕ್ಕ ಇದೆ.

• ಎರಡೂ ಕೀಲಿ ಲೈಸೆನ್ಸುದಾರ ಮುತ್ಯಾನ ಉಡದಾರದಲ್ಲಿ. ಬೇರೆ ಯಾರೂ ಮುಟ್ಟುವಂತಿಲ್ಲ.

• ಯಾರ ಕೈಗೆ ಬಂದರೂ ತುಂಬಿದ ಬಂದೂಕು ಅಂತಲೇ ತಿಳಿಯಬೇಕು. ನಳಿಗೆ ಮನುಷ್ಯರ ಕಡೆ ತಿರುಗಬಾರದು, ಬೆರಳು ಕುದುರೆಯ ಮೇಲೆ ಹೋಗಬಾರದು.

• ಮಕ್ಕಳಿಗೆ "ಮುಟ್ಟಬೇಡ" ಅಂದರೆ ಸಾಲದು. "ಎಲ್ಲೇ ಬಂದೂಕು ಕಂಡರೂ ದೂರ ಸರಿ, ದೊಡ್ಡವರನ್ನು ಕರೆ" ಅಂತ ಕಲಿಸಿದ್ದೇವೆ.

• ಫೋಟೊ, ರೀಲ್ಸ್ ಇಲ್ಲ. ಇದು ನನಗಾಗಿಯೇ ಮಾಡಿದ ನಿಯಮ.

ಒಂದು ವಿಷಯ ಮಾತ್ರ ಬಾಕಿ ಇದೆ. ಲೈಸೆನ್ಸುದಾರನಿಗೆ 70 ದಾಟಿದರೆ ತನ್ನ ವಾರಸುದಾರನೊಬ್ಬನನ್ನು ಹೆಸರಿಸಬಹುದು. ಮುತ್ಯಾ ನನ್ನ ಹೆಸರು ಹೇಳಿದ್ದಾನೆ. ಅರ್ಜಿ ನನ್ನ ಬ್ಯಾಗಿನಲ್ಲೇ ಇದೆ. ನಿಜ ಹೇಳಬೇಕಂದರೆ ಒಳಗೊಂದು ಆಸೆಯೂ ಇದೆ. ಆರು ವರ್ಷದ ಹುಡುಗ ಬಂಡಿಯಲ್ಲಿ ಅಡಗಿ ಕೂತು ಕಂಡ ಕನಸು ಅದು. ಬೇಡ ಅನ್ನಲು ಬಾಯಿ ಬರುವುದಿಲ್ಲ. ಆದರೆ ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆಯಲ್ಲಿ, ಮಗಳು ಎಲ್ಲ ಡ್ರಾಯರ್ ಎಳೆದು ನೋಡುವ ವಯಸ್ಸಿನಲ್ಲಿ, ಅದನ್ನು ಯಾರಿಂದ ಯಾರನ್ನು ಕಾಪಾಡಲು ಇಟ್ಟುಕೊಳ್ಳಲಿ? ಇನ್ನೂ ಸಹಿ ಹಾಕಿಲ್ಲ. ಹಾಕುವುದಿಲ್ಲ ಅಂತ ಮುತ್ಯಾನಿಗೆ ಹೇಳುವ ಧೈರ್ಯ ಕೂಡಿಸುತ್ತಿದ್ದೇನೆ.

2024ರ ಖಂಡೇನವಮಿಗೂ ಊರಿಗೆ ಹೋಗಿದ್ದೆವು. ಮುತ್ಯಾ ಬೀಗ ತೆಗೆದು ಬಂದೂಕು ತಂದು ಕಂಬಳಿಯ ಮೇಲೆ ಇಟ್ಟ. ಆಯಿ ಕುಂಕುಮದ ಬಟ್ಟಲು ಹಿಡಿದು ಹಾಗೇ ನಿಂತಳು. "ಮೊದಲು ತೆಗೆದು ತೋರ್ಸು" ಅಂದಳು. ಮುತ್ಯಾ ತೆರೆದು ತೋರಿಸಿದ. ಎರಡೂ ನಳಿಗೆಯ ಆ ಕಡೆಯಿಂದ ಬಾಗಿಲ ಬೆಳಕು ಕಂಡಿತು. ಆಮೇಲೆ ಕುಂಕುಮ ಹಚ್ಚಿದಳು.

ನಿಮ್ಮ ಊರ ಮನೆಯಲ್ಲೂ ಹೀಗೊಂದು ಬಂದೂಕು ಇರಬಹುದು. ಮುಂದಿನ ಸಲ ಹೋದಾಗ ಹಿರಿಯರನ್ನು ಕೇಳಿ: ಇದು ಖಾಲಿ ಇದೆ ಅಂತ ಕಣ್ಣಾರೆ ನೋಡಿದವರು ಯಾರು, ಯಾವಾಗ? ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಕೇಳಿ.