ಒಂದು ಪ್ರೋಟೀನು, ಒಂದು ಗುಳಿಗೆ

ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಇನ್ನೇನೂ ಉಳಿದಿಲ್ಲವೆಂದು ಎದೆಗುಂದುವವರು ನಮ್ಮಲ್ಲಿ ಇಂದಿಗೂ ಬಹುಮಂದಿ. ಆದರೆ ಈ ಹೆಸರಿನಡಿ ಬರುವ ರೋಗಗಳು ಹಲವು. ಅವುಗಳ ಸ್ವಭಾವವೂ ಬೇರೆ ಬೇರೆ. ಅವುಗಳಲ್ಲೊಂದರ ಬೇರು ಒಂದೇ ಒಂದು ಪ್ರೋಟೀನಿನಲ್ಲಿದೆ. ಅದನ್ನು ತಡೆಹಿಡಿಯುವ ಗುಳಿಗೆಯನ್ನು ಕಡಮೆ ಬೆಲೆಗೆ ಒದಗಿಸಿದವರಲ್ಲಿ, ನಾವು ಹೊಟ್ಟೆಪಾಡಿಗಾಗಿ ಬಂದು ನೆಲಸಿರುವ ಈ ಹೈದರಾಬಾದಿನ ಕಂಪನಿಯೊಂದೂ ಸೇರಿದೆ. ಆ ವೃತ್ತಾಂತವನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಈ ರೋಗವನ್ನು ವೈದ್ಯರು ‘ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ’ ಎನ್ನುತ್ತಾರೆ. ಇದು ರಕ್ತದ ಕ್ಯಾನ್ಸರುಗಳಲ್ಲಿ ಒಂದು ಬಗೆ; ಎಲುಬಿನ ಮಜ್ಜೆಯಲ್ಲಿ ಬಿಳಿಯ ರಕ್ತಕಣಗಳು ಮಿತಿಮೀರಿ ಹುಟ್ಟುವುದೇ ಇದರ ಲಕ್ಷಣ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ವಿಜ್ಞಾನಿಗಳಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಇಂಥ ರೋಗಿಗಳ ಜೀವಕಣಗಳಲ್ಲಿ ಅಸಹಜವಾಗಿ ಗಿಡ್ಡಾದ ಒಂದು ವರ್ಣತಂತುವನ್ನು ಕಂಡರು. ಅದರ ಗುಟ್ಟನ್ನು 1973ರಲ್ಲಿ ಬಿಡಿಸಿದವರು ಜಾನೆಟ್ ರೌಲಿ ಎಂಬ ವಿದುಷಿ. 9ನೆಯ ಮತ್ತು 22ನೆಯ ವರ್ಣತಂತುಗಳು ಮುರಿದು, ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಂಡಿದ್ದವು. ಈ ಅದಲುಬದಲಿನಿಂದ ‘ಬಿಸಿಆರ್’ ಮತ್ತು ‘ಎಬಿಎಲ್’ ಎಂಬ ಎರಡು ವಂಶವಾಹಿಗಳು ಬೆಸೆದು ಹೊಸದೊಂದು ಪ್ರೋಟೀನಿಗೆ ಜನ್ಮ ಕೊಡುತ್ತವೆ. ಇದು ತಂದೆತಾಯಿಗಳಿಂದ ಮಕ್ಕಳಿಗೆ ಇಳಿದು ಬರುವುದಲ್ಲ. ಒಂದೇ ಕೋಣೆಯಲ್ಲಿ ಉಂಡು ಮಲಗುವವರಿಗೆ ಅಂಟುವುದೂ ಅಲ್ಲ.

ಈ ಪ್ರೋಟೀನಿನ ಕೆಲಸವನ್ನು ಕಚೇರಿಯ ಮೊಹರಿಗೆ ಹೋಲಿಸಬಹುದು. ಆರೋಗ್ಯವಂತನ ದೇಹದಲ್ಲಿ ‘ಎಬಿಎಲ್’ ಪ್ರೋಟೀನು ಅಪ್ಪಣೆ ಬಂದಾಗ ಮಾತ್ರ ಇತರ ಪ್ರೋಟೀನುಗಳ ಮೇಲೆ ‘ಫಾಸ್ಫೇಟ್’ ಎಂಬ ಮುದ್ರೆಯನ್ನೊತ್ತಿ, ಅನಂತರ ಸುಮ್ಮನಾಗುತ್ತದೆ. ಬೆಸೆದುಕೊಂಡ ಪ್ರೋಟೀನಿಗೆ ಈ ಅಂಕೆಯಿಲ್ಲ. ಯಾರ ಅಪ್ಪಣೆಗೂ ಕಾಯದೆ ಅದು ಹಗಲಿರುಳೂ ಮುದ್ರೆಯನ್ನೊತ್ತುತ್ತಲೇ ಇರುತ್ತದೆ. ಹೀಗೆ ಬೆಳೆಯಲು ಸದಾ ಅಪ್ಪಣೆ ಪಡೆದ ಜೀವಕಣಗಳು ಒಡೆದು ಒಡೆದು ಹೆಚ್ಚುತ್ತವೆ. ಸಾಯಬೇಕಾದ ಕಾಲಕ್ಕೆ ಸಾಯುವುದೂ ಇಲ್ಲ. ಬೆಳವಣಿಗೆ, ಉಳಿವು ಎರಡೂ ಒಂದೇ ಮೊಹರಿನ ಹಿಡಿತದಲ್ಲಿ ಸಿಕ್ಕಿಬೀಳುತ್ತವೆ.

ಮೊಹರಿಗೆ ಶಾಯಿಯ ಪೆಟ್ಟಿಗೆ ಇದ್ದಂತೆ ಈ ಪ್ರೋಟೀನಿಗೆ ‘ಎಟಿಪಿ’ ಎಂಬ ದ್ರವ್ಯ ಬೇಕು. ಅದು ಬಂದು ಕೂಡುವ ಸಣ್ಣ ಸಂದಿನಲ್ಲಿ ತಾನೇ ಹೋಗಿ ಕುಳಿತುಬಿಡುವ ಔಷಧವೇ ‘ಇಮಾಟಿನಿಬ್’. ಶಾಯಿ ಸಿಗದ ಮೊಹರು ನಿಷ್ಪ್ರಯೋಜಕವಾಗುತ್ತದೆ. ಇದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಕಾರ್ಯ 1998ರಲ್ಲಿ ಬ್ರಯಾನ್ ಡ್ರೂಕರ್ ಅವರ ನೇತೃತ್ವದಲ್ಲಿ ಆರಂಭವಾಯಿತು. 2001ರ ಮೇ ತಿಂಗಳಲ್ಲಿ ಅಮೆರಿಕ ಸರಕಾರ ಮಾರಾಟಕ್ಕೆ ಅನುಮತಿಯಿತ್ತಿತು. ಮೊದಲಿನಿಂದಲೂ ಈ ಔಷಧವನ್ನೇ ಪಡೆದ ರೋಗಿಗಳಲ್ಲಿ ಶೇಕಡ 89 ಮಂದಿ ಐದು ವರ್ಷಗಳ ಅನಂತರವೂ ಬದುಕಿದ್ದರೆಂಬ ಅಂದಾಜು 2006ರಲ್ಲಿ ಪ್ರಕಟವಾಯಿತು.

ಆದರೆ ಔಷಧವಿದ್ದರೆ ಸಾಲದು, ಕೊಳ್ಳುವ ಶಕ್ತಿಯೂ ಬೇಕಷ್ಟೆ. ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಕಂಪನಿಯ ಗುಳಿಗೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಬೀಳುತ್ತಿತ್ತು. ತಾನು ಅನೇಕ ರೋಗಿಗಳಿಗೆ ಉಚಿತವಾಗಿ ಕೊಡುತ್ತಿರುವುದಾಗಿ ಆ ಕಂಪನಿ ಹೇಳಿದ್ದುಂಟು. 1981ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ನಾಟ್ಕೋ ಕಂಪನಿ 2003ರಲ್ಲಿ ಇದೇ ಔಷಧವನ್ನು ‘ವೀನಾಟ್’ ಎಂಬ ಹೆಸರಿನಿಂದ ಹೊರತಂದಿತು. ದೇಶೀಯ ಗುಳಿಗೆಗಳ ಬೆಲೆ ಆಗ ತಿಂಗಳಿಗೆ ಸುಮಾರು 8,000ದಿಂದ 10,000 ರೂಪಾಯಿ ಇತ್ತು. ಮುಂದೆ ನಡೆದ ಪೇಟೆಂಟ್ ವ್ಯಾಜ್ಯದಲ್ಲಿ ನಾಟ್ಕೋ ಸಹ ಒಬ್ಬ ಪ್ರತಿವಾದಿ. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವು, ತಿಳಿದಿರುವ ದ್ರವ್ಯದ ಹೊಸ ಸ್ಫಟಿಕರೂಪವು ಹೆಚ್ಚಿನ ಗುಣಕಾರಿಯೆಂದು ಸಿದ್ಧವಾಗದೆ ಪೇಟೆಂಟಿಗೆ ಅರ್ಹವಲ್ಲವೆಂದು ನೊವಾರ್ಟಿಸ್ ಕಂಪನಿಯ ಮೇಲ್ಮನವಿಯನ್ನು ತಳ್ಳಿಹಾಕಿತು.

ಇಷ್ಟಾದರೂ ರೋಗವು ಪೂರ್ಣವಾಗಿ ಶರಣಾಗಿಲ್ಲ. ಕೆಲವರಲ್ಲಿ ಪ್ರೋಟೀನಿನ ಆಕಾರವೇ ಬದಲಾಗಿ, ಔಷಧ ಕೂರಬೇಕಾದ ಸಂದಿಗೆ ಅದು ಹೊಂದುವುದಿಲ್ಲ. ಅಂಥವರಿಗಾಗಿ ಬೇರೆ ಗುಳಿಗೆಗಳು ಬಂದಿವೆ. ಅನೇಕ ಕ್ಯಾನ್ಸರುಗಳಲ್ಲಿ ಇಂಥ ಮೊಹರುಗಳು ಒಂದಲ್ಲ, ಹಲವು. ಆದ್ದರಿಂದ ಇಲ್ಲಿ ದೊರೆತ ಜಯ ಎಲ್ಲೆಡೆ ದೊರೆಯುವುದೆಂದು ನಂಬುವಂತಿಲ್ಲ.

ನಮ್ಮ ವಾಚಕರಲ್ಲಿ ವಿಜ್ಞಾಪನೆ ಇಷ್ಟೆ. ಕಾರಣವಿಲ್ಲದೆ ಬಹುದಿನ ಬಳಲಿಕೆ, ತೂಕ ಇಳಿಯುವುದು, ಎಡಪಕ್ಕೆಯ ಕೆಳಗೆ ಹೊಟ್ಟೆ ಭಾರವಾಗುವುದು ಇವುಗಳನ್ನು ದುಡಿಮೆಯ ಆಯಾಸವೆಂದು ತಳ್ಳಿಹಾಕದೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ರೆಡ್ ಹಿಲ್ಸ್ ಪ್ರದೇಶದಲ್ಲಿ, 1955ರಲ್ಲಿ ಸ್ಥಾಪಿತವಾದ ಮೆಹದಿ ನವಾಜ್ ಜಂಗ್ ಕ್ಯಾನ್ಸರ್ ಆಸ್ಪತ್ರೆ ಸರಕಾರದ್ದೇ ಆಗಿದೆ. ಗುಳಿಗೆ ಆರಂಭಿಸಿದವರು ಮೈ ಹಗುರಾಯಿತೆಂದೋ, ಹಬ್ಬಕ್ಕೆ ಊರಿಗೆ ಹೊರಟೆವೆಂದೋ ಅದನ್ನು ಬಿಡಬಾರದು. ಊರಿನ ಗಂಟಿನೊಡನೆ ರಜೆಯ ದಿನಗಳಿಗೆ ಸಾಕಾಗುವಷ್ಟು ಗುಳಿಗೆಯನ್ನೂ ಕಟ್ಟಿಕೊಳ್ಳಬೇಕು. ವೈದ್ಯರು ಪರೀಕ್ಷಿಸಿ ನಿಲ್ಲಿಸಬಹುದೆನ್ನುವವರು ಕೆಲವರುಂಟು. ಆ ತೀರ್ಮಾನ ವೈದ್ಯರದು, ರೋಗಿಯದಲ್ಲ. ಔಷಧ ಹಿಂದೆಗೆದ ಕೂಡಲೆ ಆ ಮೊಹರು ಮತ್ತೆ ಶಾಯಿಯನ್ನು ಹುಡುಕುತ್ತದೆ.