ಸೆಟ್ ಆಫ್, ಸೆಟ್ ಔಟ್: ಹೊರಡುವುದಕ್ಕೆ ಎಷ್ಟು ಮಾತು!

ಇಂಗ್ಲಿಷ್ ಪಾಠದಲ್ಲಿ ‘ದಿ ಪ್ಲೇನ್ ಟುಕ್ ಆಫ್’ ಎಂಬ ಪುಟ್ಟ ವಾಕ್ಯ ಬರುತ್ತದೆ. ಕನ್ನಡ ಮಾಧ್ಯಮದ ಹುಡುಗ ಶ್ರದ್ಧೆಯಿಂದ ನಿಘಂಟು ತೆರೆಯುತ್ತಾನೆ. ‘ಟುಕ್’ ಎಂದರೆ ತೆಗೆದುಕೊಂಡಿತು. ‘ಆಫ್’ ಮಾತ್ರ ಅವನಿಗೆ ಗೊತ್ತಿರುವ ಪದವೇ. ಮನೆಯಲ್ಲಿ ದೀಪ ಆರಿಸುವಾಗ ಅಜ್ಜಿಯೂ ಆಡುವ ಮಾತು. ಎರಡನ್ನೂ ಕೂಡಿಸಿದರೆ ವಿಮಾನ ಏನನ್ನೋ ತೆಗೆದುಕೊಂಡು ಆರಿಹೋದಂತಾಯಿತು! ಹುಡುಗ ಪುಸ್ತಕ ಮುಚ್ಚಿ, ‘ಇಂಗ್ಲಿಷ್ ನನ್ನ ತಲೆಗೆ ಹತ್ತುವುದಿಲ್ಲ’ ಎಂದು ತೀರ್ಮಾನಿಸಿಬಿಡುತ್ತಾನೆ.

ಪಾಪ, ಅವನ ತಲೆ ಚೆನ್ನಾಗಿಯೇ ಇದೆ. ಅವನಿಗೆ ಎದುರಾದದ್ದು ‘ಫ್ರೇಸಲ್ ವರ್ಬ್’ ಎಂಬ ಜೋಡಿ ಕ್ರಿಯಾಪದ. ಒಂದು ಸಾಧಾರಣ ಕ್ರಿಯಾಪದದ ಹಿಂದೆ ಆಫ್, ಔಟ್, ಆನ್, ಇನ್, ಅಪ್ ಮುಂತಾದ ಪುಟ್ಟ ಪದವೊಂದು ಬಾಲದಂತೆ ಸೇರಿಕೊಂಡು ಅರ್ಥವನ್ನೇ ತಿರುಗಿಸಿಬಿಡುತ್ತದೆ.

ಈ ತೊಡಕು ಇಂದು ನಿನ್ನೆಯದಲ್ಲ. 1755ರಲ್ಲಿ ಲಂಡನ್ನಿನಲ್ಲಿ ತನ್ನ ಹೆಸರಾಂತ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಅದರ ಮುನ್ನುಡಿಯಲ್ಲೇ ಪರಭಾಷೆಯವರಿಗೆ ಅತಿ ಹೆಚ್ಚು ಕಷ್ಟ ಕೊಡುವುದು ಈ ಬಗೆಯ ಜೋಡಿಗಳು ಎಂದು ಬರೆದಿದ್ದಾನೆ. ಅವನು ಕೊಟ್ಟ ಉದಾಹರಣೆಗಳಲ್ಲಿ ‘ಸೆಟ್ ಔಟ್’ ಇದೆ. ಅರ್ಥ, ಪ್ರಯಾಣ ಆರಂಭಿಸು. ‘ಟೇಕ್ ಆಫ್’ ಕೂಡ ಇದೆ; ಆದರೆ ಅಲ್ಲಿ ಅದರ ಅರ್ಥ, ನಕಲು ಮಾಡು! ವಿಮಾನವಿಲ್ಲದ ಕಾಲವಲ್ಲವೆ? ರೈಟ್ ಸೋದರರ ವಿಮಾನ ನೆಲ ಬಿಟ್ಟೆದ್ದು 12 ಸೆಕೆಂಡು ಹಾರಿದ್ದು 1903ರ ಡಿಸೆಂಬರ್ 17ರಂದು.

ಕನ್ನಡವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ‘ಅವನು ಹೊರಟುಬಿಟ್ಟ’ ಎಂದಾಗ ಯಾರೂ ಏನನ್ನೂ ಕೈಬಿಡುವುದಿಲ್ಲ. ‘ಬೀಳ್ಕೊಡು’ ಎಂಬುದನ್ನು ಬೀಳು, ಕೊಡು ಎಂದು ಒಡೆದು ನೋಡಿದರೆ ಬೀಳುವವರೂ ಇಲ್ಲ, ಕೊಡುವವರೂ ಇಲ್ಲ. ಆದರೂ ನಮ್ಮ ಮಕ್ಕಳಿಗೆ ಇವು ತೊಡಕೆನಿಸುವುದಿಲ್ಲ. ಇಡೀ ಮಾತನ್ನು ಸಂದರ್ಭದೊಡನೆ ಕೇಳಿ ಕಲಿತಿರುವುದೇ ಇದಕ್ಕೆ ಕಾರಣ. ಇಂಗ್ಲಿಷಿನ ಜೋಡಿಗಳನ್ನೂ ಹಾಗೆಯೇ ಕಲಿಯಬಹುದು. ಅದಕ್ಕೆ ಪ್ರಯಾಣದ ಮಾತುಗಳಿಗಿಂತ ಒಳ್ಳೆಯ ಆರಂಭವಿಲ್ಲ. ಅವುಗಳಲ್ಲಿ ಬಾಲದ ಅರ್ಥ ಕಣ್ಣಿಗೇ ಕಾಣುತ್ತದೆ.

ಬಾಲದಲ್ಲಿದೆ ಗುಟ್ಟು

‘ಆಫ್’ ಎಂಬುದರ ಮೂಲ ಚಿತ್ರ, ಅಂಟಿಕೊಂಡದ್ದು ಬಿಟ್ಟು ಬೇರೆಯಾಗುವುದು. ಅಂಗಿಯ ಗುಂಡಿ ಕಿತ್ತು ಬಂದರೆ ‘ಕಮ್ ಆಫ್’. ಕಾಲಿನ ಬೂಟು ಕಳಚಿದರೆ ‘ಟೇಕ್ ಆಫ್’. ‘ಸ್ವಿಚ್ ಆಫ್’ ಮಾಡಿದಾಗಲೂ ಮಂಡಲದಲ್ಲಿ ತಂತಿಯ ಸಂಪರ್ಕ ಕಡಿಯುತ್ತದೆ. ದೀಪ ಆರುವುದು ಅದರ ಪರಿಣಾಮ. ಇನ್ನು ‘ಔಟ್’ ಎಂದರೆ ಒಳಗಿನಿಂದ ಹೊರಕ್ಕೆ.

ಈಗ ‘ಸೆಟ್ ಆಫ್’ ಮತ್ತು ‘ಸೆಟ್ ಔಟ್’ ನೋಡಿ. ಎರಡರ ಅರ್ಥವೂ ಹೊರಡು. ಇದ್ದ ಜಾಗದಿಂದ ಕಳಚಿಕೊಂಡ ಗಳಿಗೆ ಮುಖ್ಯವಾದಾಗ ‘ಸೆಟ್ ಆಫ್’ ಸಹಜ: ಬೆಳಗಿನ ಆರಕ್ಕೆ ಮೈಸೂರಿಗೆ ಹೊರಟೆವು. ಮುಂದೆ ದೊಡ್ಡ ದಾರಿ, ಮನಸ್ಸಿನಲ್ಲಿ ಒಂದು ಗುರಿ ಇದ್ದಾಗ ‘ಸೆಟ್ ಔಟ್’ ಹೆಚ್ಚು ಒಪ್ಪುತ್ತದೆ. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿ ಆಶ್ರಮದಿಂದ ದಂಡಿಯ ಕಡೆಗೆ ಹೊರಟದ್ದನ್ನು ಹೇಳಲು ಇದು ತಕ್ಕ ಮಾತು. ‘ಸೆಟ್’ ಎಂಬುದು ಭೂತಕಾಲದಲ್ಲೂ ‘ಸೆಟ್’ ಆಗಿಯೇ ಉಳಿಯುತ್ತದೆ. ಹೋಗುವ ಊರಿನ ಹೆಸರಿಗೆ ಮೊದಲು ಸಾಮಾನ್ಯವಾಗಿ ‘ಫಾರ್’ ಬರುತ್ತದೆ.

ವಿಮಾನ ಓಡುದಾರಿಯ ಮೇಲೆ ವೇಗವಾಗಿ ಓಡಿ, ರೆಕ್ಕೆಗಳ ಮೇಲಿನ ಎತ್ತುವ ಬಲ ತನ್ನ ತೂಕವನ್ನು ಮೀರಿದಾಗ ನೆಲದಿಂದ ಬೇರ್ಪಡುತ್ತದೆ. ಅದು ‘ಟೇಕ್ ಆಫ್’. ರಾಕೆಟ್ಟು ಓಡುವುದಿಲ್ಲ, ನಿಂತಲ್ಲಿಂದ ನೆಟ್ಟಗೆ ಏಳುತ್ತದೆ. ಆದ್ದರಿಂದ 2023ರ ಜುಲೈ 14ರಂದು ಶ್ರೀಹರಿಕೋಟದಿಂದ ಚಂದ್ರಯಾನ-3 ಹೊರಟದ್ದು ‘ಲಿಫ್ಟ್ ಆಫ್’.

ಹಡಗಿನವರ ಮಾತು ಬೇರೆ. ದಡಕ್ಕೆ ಕಟ್ಟಿದ ಹಗ್ಗ ಬಿಚ್ಚಿ ಹೊರಡುವುದು ‘ಕಾಸ್ಟ್ ಆಫ್’. ದೋಣಿಯಲ್ಲಿ ಕುಳಿತು ಕೋಲಿನಿಂದ ದಡವನ್ನು ನೂಕಿದರೆ ದೋಣಿ ಎದುರು ದಿಕ್ಕಿಗೆ ಸರಿಯುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ಇದು ‘ಪುಷ್ ಆಫ್’. ಆದರೆ ಎಚ್ಚರ! ಮನುಷ್ಯರಿಗೆ ‘ಪುಷ್ ಆಫ್’ ಎಂದರೆ ‘ತೊಲಗು’ ಎಂದಂತೆ.

ಬೀಳ್ಕೊಡುವಾಗ

ಶಾಲೆಗಳಲ್ಲಿ ವರ್ಷದ ಕೊನೆಗೆ ‘ಸೆಂಡ್ ಆಫ್’ ನಡೆಯುತ್ತದೆ. ನಿಲ್ದಾಣದವರೆಗೆ ಹೋಗಿ ಕಳಿಸಿಕೊಡುವುದು ‘ಸೀ ಆಫ್’. ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ‘ಅವನನ್ನು’ ಎಂಬ ಸರ್ವನಾಮ ಜೋಡಿಯ ನಡುವೆ ಕೂರಬೇಕು: ‘ಸೀ ಹಿಮ್ ಆಫ್’ ಸರಿ, ‘ಸೀ ಆಫ್ ಹಿಮ್’ ತಪ್ಪು.

ವಾಹನ ಹತ್ತುವುದಕ್ಕೂ ಒಂದು ಸುಲಭ ಸೂತ್ರವುಂಟು. ಒಳಗೆ ಎದ್ದು ನಿಂತು ಓಡಾಡಬಹುದಾದ ಬಸ್ಸು, ರೈಲು, ವಿಮಾನಗಳಿಗೆ ‘ಗೆಟ್ ಆನ್’, ಇಳಿದರೆ ‘ಗೆಟ್ ಆಫ್’. ಬಗ್ಗಿ ನುಸುಳಬೇಕಾದ ಕಾರು, ಆಟೊಗಳಿಗೆ ‘ಗೆಟ್ ಇನ್’, ಇಳಿದರೆ ‘ಗೆಟ್ ಔಟ್’. ಮೇಲೆ ಕೂರುವ ಸೈಕಲ್ಲಿಗೆ ಮತ್ತೆ ‘ಗೆಟ್ ಆನ್’.

ವಿಜ್ಞಾನಕ್ಕೂ ಬೇಕು

ಇಷ್ಟೆಲ್ಲ ಏಕೆ, ಪ್ರಯಾಣ ಮಾಡುವವರು ಹೇಗೋ ಊರು ಸೇರುತ್ತಾರಲ್ಲ ಎನ್ನಬಹುದು. ಆದರೆ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ವಿಜ್ಞಾನ ಆರಿಸಿಕೊಂಡ ವಿದ್ಯಾರ್ಥಿಗಳನ್ನು ಕೇಳಿ. ಅವರು ‘ಹೈಡ್ರೋಕ್ಲೋರಿಕ್ ಆಮ್ಲ’ಕ್ಕೆ ಹೆದರುವುದಿಲ್ಲ, ಪಾರಿಭಾಷಿಕ ಪದಗಳನ್ನು ಎಲ್ಲ ಪುಸ್ತಕಗಳೂ ವಿವರಿಸುತ್ತವೆ. ‘ಗಿವ್ ಆಫ್’, ‘ಸೆಟ್ ಅಪ್’, ‘ಕ್ಯಾರಿ ಔಟ್’ ಎಂಬ ಸಣ್ಣ ಮಾತುಗಳನ್ನು ಯಾರೂ ವಿವರಿಸುವುದಿಲ್ಲ. ಸತುವಿನ ಮೇಲೆ ಸಾರರಿಕ್ತ ಆಮ್ಲ ಹಾಕಿದಾಗ ಹೈಡ್ರೋಜನ್ ‘ಗಿವನ್ ಆಫ್’ ಎಂದು ಪುಸ್ತಕ ಹೇಳಿದರೆ, ಯಾರು ಯಾರಿಗೆ ಕೊಟ್ಟರು ಎಂದು ವಿದ್ಯಾರ್ಥಿ ತಬ್ಬಿಬ್ಬಾಗುತ್ತಾನೆ. ವಿಮಾನ ನೆಲ ಬಿಟ್ಟ ಹಾಗೆಯೇ ಅನಿಲ ದ್ರವ ಬಿಟ್ಟು ಮೇಲೇಳುತ್ತದೆ ಎಂದು ತಿಳಿದವನಿಗೆ ಆ ವಾಕ್ಯ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಬುದ್ಧಿವಂತ ಮಕ್ಕಳು ವಿಜ್ಞಾನ ತಮಗೆ ಆಗದೆಂದು ಕೈಚೆಲ್ಲುವ ಮುನ್ನ ತೊಡಕಾದದ್ದು ವಿಜ್ಞಾನವೋ, ಈ ಬಾಲವೋ ಎಂದು ಒಮ್ಮೆ ನೋಡಬೇಕು.

ತಂದೆತಾಯಿಗಳು ಇದಕ್ಕಾಗಿ ದುಬಾರಿ ಪುಸ್ತಕ ಕೊಳ್ಳಬೇಕಾಗಿಲ್ಲ. ಊರಿಗೆ ಹೊರಟ ದಿನ ಬಸ್ ನಿಲ್ದಾಣದಲ್ಲಿ ಮಕ್ಕಳಿಗೆ ಒಂದು ಆಟ ಹೂಡಲಿ: ಮನೆ ಬಿಟ್ಟದ್ದು, ಬಸ್ಸು ಹತ್ತಿದ್ದು, ಅಜ್ಜ ಬಂದು ಬೀಳ್ಕೊಟ್ಟದ್ದು, ಇಳಿದದ್ದು, ಪ್ರತಿಯೊಂದಕ್ಕೂ ಒಂದು ಜೋಡಿ ಹೇಳಲಿ. ದಿನಕ್ಕೆರಡು ಜೋಡಿ, ತಮ್ಮದೇ ವಾಕ್ಯದೊಡನೆ ನೋಟ್‌ಬುಕ್ಕಿಗೆ ಸೇರಿದರೂ ಒಂದು ಬೇಸಿಗೆ ರಜೆಯಲ್ಲಿ ನೂರರ ಹತ್ತಿರ ಬರುತ್ತದೆ.