ಕ್ಲಚ್ಚಿನ ಸುರಕ್ಷತಾ ಸ್ವಿಚ್ಚಿಗೆ ಅಡ್ಡತಂತಿ ಹಾಕುವ ಮುನ್ನ

ತೊಗರಿ ಒಕ್ಕಣೆಯ ಕಾಲ. ಕಣದಲ್ಲಿ ಬೆಳೆ ಬಂದು ಬಿದ್ದಿದೆ, ಆಳುಗಳು ನಿಂತಿದ್ದಾರೆ, ಒಕ್ಕಣೆ ಯಂತ್ರವನ್ನು ಟ್ರ್ಯಾಕ್ಟರಿಗೆ ಜೋಡಿಸಿಯಾಗಿದೆ. ಕೀಲಿ ತಿರುವಿದರೆ ಇಂಜಿನ್ನು ಮಿಸುಕುವುದಿಲ್ಲ. ಕಮಲಾಪುರದ ಸುತ್ತಿನ ಹಳ್ಳಿಗಳಿಗೆ ಕಲಬುರಗಿಯಿಂದ ಮೆಕ್ಯಾನಿಕನನ್ನು ಕರೆತರುವುದೆಂದರೆ ಅರ್ಧ ದಿನದ ಕೆಲಸ ಹೋದಂತೆಯೇ. ಆಗ ಯಾರಾದರೊಬ್ಬರು "ಕ್ಲಚ್ ಸ್ವಿಚ್ ಕೆಟ್ಟಿದೆ, ಎರಡು ತಂತಿ ಕೂಡಿಸಿಬಿಡಿ" ಎನ್ನುತ್ತಾರೆ. ಇನ್ನೊಬ್ಬರು ಸ್ಕ್ರೂಡ್ರೈವರ್ ಹಿಡಿದು ಸ್ಟಾರ್ಟರಿನ ಕಡೆಗೆ ಬಗ್ಗುತ್ತಾರೆ. ಈ ಎರಡನೆಯವರನ್ನು ಮೊದಲು ತಡೆಯಬೇಕು.

ಸ್ವಿಚ್ಚಿನ ಕೆಲಸವೇನು?

ಕೀಲಿ ತಿರುವಿದಾಗ ಬ್ಯಾಟರಿಯಿಂದ ಸಣ್ಣ ಪ್ರಮಾಣದ ವಿದ್ಯುತ್ತು ಹೊರಟು, ಸುರಕ್ಷತಾ ಸ್ವಿಚ್ಚನ್ನು ದಾಟಿ ಸ್ಟಾರ್ಟರಿನ ಮೇಲಿರುವ ಸೊಲೆನಾಯ್ಡನ್ನು ತಲುಪುತ್ತದೆ. ಸೊಲೆನಾಯ್ಡು ಟಕ್ ಎಂದು ಕೂಡಿ, 100 ಆಂಪಿಯರಿಗೂ ಮೀರಿದ ವಿದ್ಯುತ್ತನ್ನು ಸ್ಟಾರ್ಟರಿಗೆ ಬಿಡುತ್ತದೆ. ಕ್ಲಚ್ ಪೆಡಲನ್ನು ಪೂರ್ತಿ ಒತ್ತಿದಾಗ ಮಾತ್ರ ಸ್ವಿಚ್ಚು ಕೂಡಿಕೊಳ್ಳುತ್ತದೆ. ಕೆಲವು ಟ್ರ್ಯಾಕ್ಟರುಗಳಲ್ಲಿ ಇದು ಪೆಡಲಿನ ಬದಲು ಗೇರಿನ ಪೆಟ್ಟಿಗೆಯ ಮೇಲಿದ್ದು, ಗೇರು ನ್ಯೂಟ್ರಲಿನಲ್ಲಿದ್ದರಷ್ಟೇ ಕೂಡುತ್ತದೆ. ಈ ವಿಚಾರ ಹೊಸದೇನಲ್ಲ. 1946ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾಗತೊಡಗಿದ ಸಣ್ಣ ಫರ್ಗ್ಯುಸನ್ ಟ್ರ್ಯಾಕ್ಟರಿನಲ್ಲಿ ಗೇರಿನ ಹಿಡಿಯನ್ನೇ ಬೇರೊಂದು ಸ್ಥಾನಕ್ಕೆ ಸರಿಸಿ ಇಂಜಿನ್ನು ಹೊಡೆಯಬೇಕಿತ್ತು. ಗೇರಿನಲ್ಲಿಟ್ಟು ಹೊಡೆಯಲು ಸಾಧ್ಯವೇ ಇರಲಿಲ್ಲ!

ಸ್ಟಾರ್ಟರಿನ ಎರಡು ಮೊಳೆಗಳಿಗೆ ಸ್ಕ್ರೂಡ್ರೈವರ್ ಅಡ್ಡವಿಟ್ಟರೆ ಈ ಕಾವಲೆಲ್ಲ ತಪ್ಪಿಹೋಗುತ್ತದೆ. ಹಾಗೆ ಮಾಡುವವನು ನಿಲ್ಲುವುದು ಮುಂದಿನ ಗಾಲಿಗೂ ಹಿಂದಿನ ದೊಡ್ಡ ಗಾಲಿಗೂ ನಡುವೆ. ಗೇರು ಬಿದ್ದಿದ್ದರೆ ಸ್ಟಾರ್ಟರೇ ಗಾಲಿಯನ್ನು ಉರುಳಿಸುತ್ತದೆ, ಅಷ್ಟರಲ್ಲಿ ಇಂಜಿನ್ನು ಹಿಡಿದು ಎಳೆಯುತ್ತದೆ. ಒಂದನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತದಲ್ಲ ಎಂದು ಧೈರ್ಯ ತಾಳುವವರುಂಟು. ಎಳೆಯುವ ಬಲ ಹೆಚ್ಚಿರುವುದು ಆ ಗೇರಿನಲ್ಲಿಯೇ. ಮನುಷ್ಯ ಅಡ್ಡ ಬಂದರೆ ಗಾಲಿ ನಿಲ್ಲುವುದಿಲ್ಲ, ಹತ್ತಿ ಹೋಗುತ್ತದೆ.

ಒಕ್ಕಣೆಯ ಕಣದಲ್ಲಿ ಇನ್ನೊಂದು ಅಪಾಯವಿದೆ. ಎರಡು ಹಂತದ ಕ್ಲಚ್ಚಿರುವ ಟ್ರ್ಯಾಕ್ಟರಿನಲ್ಲಿ ಪೆಡಲನ್ನು ಅರ್ಧ ಒತ್ತಿದರೆ ಗಾಲಿಗೆ ಹೋಗುವ ಶಕ್ತಿ ತಪ್ಪುತ್ತದೆ, ಪೂರ್ತಿ ಒತ್ತಿದರೆ ಪಿ.ಟಿ.ಓ. ದಂಡವೂ ಬಿಡುತ್ತದೆ. ಪಿ.ಟಿ.ಓ. ಹಾಕಿದ್ದು ಮರೆತು, ಕ್ಲಚ್ಚು ಒತ್ತದೆ ಇಂಜಿನ್ನು ಹೊಡೆದರೆ ಒಕ್ಕಣೆ ಯಂತ್ರವೂ ಆ ಕ್ಷಣವೇ ತಿರುಗುತ್ತದೆ. ಯಂತ್ರದ ಬಾಯಲ್ಲಿ ಸಿಕ್ಕ ಕಟ್ಟಿಗೆ ತೆಗೆಯುತ್ತಿರುವ ಆಳಿನ ಕೈಗೆ ಆ ಸ್ವಿಚ್ಚೇ ರಕ್ಷಣೆ. ಗೇರು ನ್ಯೂಟ್ರಲಿನಲ್ಲಿದೆ ಎಂಬುದು ಇಲ್ಲಿ ಸಾಲದು.

ದೋಷ ಎಲ್ಲಿದೆ?

ಸ್ವಿಚ್ಚನ್ನು ದೂರುವ ಮುನ್ನ ದೀಪ ಹಾಕಿ, ಕ್ಲಚ್ಚು ಒತ್ತಿ ಕೀಲಿ ತಿರುವಿರಿ. ಟಕ್ ಎಂಬ ಸದ್ದಾಗಿ ದೀಪ ಮಂಕಾದರೆ ಸ್ವಿಚ್ಚು ಸರಿಯಾಗಿಯೇ ಇದೆ. ಬ್ಯಾಟರಿ ಇಳಿದಿದೆ ಅಥವಾ ಅದರ ತುದಿಗಳಿಗೆ ಕಿಲುಬು ಹಿಡಿದಿದೆ. ದೀಪ ಚೆನ್ನಾಗಿ ಉರಿದು ಸದ್ದೇ ಬಾರದಿದ್ದರೆ ಮಾತ್ರ ಫ್ಯೂಸು, ತಂತಿ, ಸ್ವಿಚ್ಚುಗಳ ಕಡೆ ನೋಡಬೇಕು.

ನಮ್ಮ ಎರೆಭೂಮಿಯಲ್ಲಿ ಪೆಡಲಿನ ಕೆಳಗೆ ಮಣ್ಣು ಮೆತ್ತಿ ಒಣಗುವುದುಂಟು. ಆಗ ಪೆಡಲು ಪೂರ್ತಿ ಇಳಿಯದೆ ಸ್ವಿಚ್ಚಿನ ಗುಂಡಿ ಒತ್ತಲ್ಪಡುವುದಿಲ್ಲ. ಕೆರೆದು ತೆಗೆದರೆ ಮುಗಿಯಿತು. ಕೊಟ್ಟಿಗೆಯಲ್ಲಿ ನಿಲ್ಲಿಸಿದ ಟ್ರ್ಯಾಕ್ಟರಿನ ತಂತಿಗಳನ್ನು ಇಲಿ ಕಡಿಯುವುದೂ ಸಾಮಾನ್ಯ.

ಇಷ್ಟಾದರೂ ತಿಳಿಯದಿದ್ದರೆ 12 ವೋಲ್ಟಿನ ಒಂದು ಬಲ್ಬು ಸಾಕು. ಗೇರು ನ್ಯೂಟ್ರಲಿನಲ್ಲಿರಲಿ, ಪಿ.ಟಿ.ಓ. ಬಿಟ್ಟಿರಲಿ, ಕೈಬ್ರೇಕು ಹಾಕಿರಲಿ, ಕ್ಲಚ್ಚು ಒತ್ತಿ ಕೀಲಿ ತಿರುವಲು ಒಬ್ಬರು ಆಸನದಲ್ಲಿ ಕುಳಿತಿರಲಿ. ಬಲ್ಬಿನ ಒಂದು ತಂತಿಯನ್ನು ಬಣ್ಣವಿಲ್ಲದ ಕಬ್ಬಿಣಕ್ಕೂ ಇನ್ನೊಂದನ್ನು ಸ್ವಿಚ್ಚಿನ ತುದಿಗಳಿಗೆ ಒಂದಾದ ಮೇಲೊಂದರಂತೆಯೂ ಮುಟ್ಟಿಸಿರಿ. ಸಾಮಾನ್ಯ ಜೋಡಣೆಯಲ್ಲಿ, ಒಂದು ತುದಿಯಲ್ಲಿ ಬಲ್ಬು ಹತ್ತಿ, ಪೆಡಲು ಪೂರ್ತಿ ಒತ್ತಿದರೂ ಇನ್ನೊಂದರಲ್ಲಿ ಹತ್ತದಿದ್ದರೆ ಸ್ವಿಚ್ಚು ಕೆಟ್ಟಿರುವುದು ಖಚಿತ. ಅಡ್ಡತಂತಿ ಹಾಕದೆಯೇ ದೋಷ ಗೊತ್ತಾಯಿತು.

ರಾಶಿ ಮುಗಿಯಲೇಬೇಕೆಂದು ಆ ದಿನದ ಮಟ್ಟಿಗೆ ಸ್ವಿಚ್ಚಿನ ಎರಡು ತಂತಿ ಕೂಡಿಸುವವರು ಇದ್ದೇ ಇರುತ್ತಾರೆ. ಅಂಥವರು ಆಸನದಲ್ಲಿ ಕುಳಿತು, ಕ್ಲಚ್ಚು ಒತ್ತಿಯೇ ಇಂಜಿನ್ನು ಹೊಡೆಯಬೇಕು. ಇಳಿಯುವಾಗ ಕೀಲಿ ಕಿಸೆಯಲ್ಲಿರಬೇಕು. ಮನೆಯ ಎಲ್ಲರಿಗೂ ವಿಷಯ ತಿಳಿಸಿರಬೇಕು. ನನ್ನ ಅಭಿಪ್ರಾಯದಲ್ಲಿ ಕೂಡಿಸಿದವನಿಗಿಂತ, ಅದನ್ನರಿಯದೆ ಮರುದಿನ ಕೀಲಿ ತಿರುವುವ ಮಗನಿಗೆ ಅಪಾಯ ಹೆಚ್ಚು.

ಈ ಸ್ವಿಚ್ಚಿರುವ ಕಾರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇಳಿಜಾರಿನಲ್ಲಿ ಕಾರನ್ನು ಗೇರಿನಲ್ಲಿಟ್ಟು ನಿಲ್ಲಿಸುವ ರೂಢಿ ನಮ್ಮಲ್ಲಿದೆ. ಸ್ವಿಚ್ಚು ತಪ್ಪಿಸಿದ ಕಾರು ಕೀಲಿ ತಿರುವಿದ ಕೂಡಲೇ ಮುಂದಕ್ಕೆ ನೆಗೆಯುತ್ತದೆ.

ಹಳೆಯ ಟ್ರ್ಯಾಕ್ಟರು ಕೊಳ್ಳುವವರು ಬಯಲಿನಲ್ಲಿ, ಆಸನದಲ್ಲಿ ಕುಳಿತು, ನ್ಯೂಟ್ರಲಿನಲ್ಲಿ ಬ್ರೇಕು ಹಾಕಿ, ಪಿ.ಟಿ.ಓ. ಬಿಟ್ಟು, ಕ್ಲಚ್ಚು ಒತ್ತದೆ ಕೀಲಿ ತಿರುವಿ ನೋಡಬೇಕು. ಕ್ಲಚ್ ಸ್ವಿಚ್ಚು ಇರುವ ಮಾದರಿಯಲ್ಲಿ ಇಂಜಿನ್ನು ತಿರುಗಿದರೆ ಒಳಗೆಲ್ಲೋ ಅಡ್ಡತಂತಿಯಿದೆಯೆಂದೋ ಸ್ವಿಚ್ಚೇ ಅಂಟಿಕೊಂಡಿದೆಯೆಂದೋ ತಿಳಿಯಬೇಕು. ಹೊಸ ಸ್ವಿಚ್ಚು ತರಲು ಕಲಬುರಗಿಗೆ ಹೋಗುವಾಗ ಹಳೆಯದನ್ನು ಬಿಚ್ಚಿಕೊಂಡೇ ಹೋಗಿರಿ. ಒತ್ತಿದರೆ ಕೂಡುವುದು, ಒತ್ತಿದರೆ ಬಿಡುವುದು ಎಂದು ಎರಡು ಬಗೆಗಳಿದ್ದು, ನೋಡಲು ಎರಡೂ ಒಂದೇ ತೆರನಾಗಿರಬಹುದು.